ಬಾಗಿದ ಅಕ್ಷರ, ಬಾಗದ ಮನುಷ್ಯ

ಸುತ್ತೂರು ಜಾತ್ರೆ ಬಂತೆಂದರೆ ನಮ್ಮ ರಸ್ತೆಗಳ ಎರಡೂ ಬದಿ ಫ್ಲೆಕ್ಸ್‌ಗಳದ್ದೇ ಕಾರುಬಾರು. ಎದ್ದು ಕಾಣಬೇಕಾದ ಹೆಸರನ್ನು ದಪ್ಪಗೆ, ಬಲಕ್ಕೆ ಬಾಗಿಸಿ ಬರೆಸುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ದಪ್ಪಗೆ, ಓರೆಯಾಗಿ, ತುದಿಯಲ್ಲಿ ಕೊಕ್ಕೆಗಳಿಲ್ಲದೆ ಬರೆಯುವ ಶೈಲಿ ಜಗತ್ತಿನ ತುಂಬ ಹರಡಲು ಕಾರಣರಾದವರಲ್ಲಿ ಜರ್ಮನಿಯ ಪಾಲ್ ರೆನ್ನರ್ ಒಬ್ಬರು. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ 75 ಡಿಗ್ರಿ ಓರೆಯ ಅಕ್ಷರ ತಿದ್ದಿದ ನನ್ನಂಥವರಿಗೂ ಇವರ ಹೆಸರನ್ನು ಯಾರೂ ಹೇಳಿಕೊಡುವುದಿಲ್ಲ.

ರೆನ್ನರ್ ಹುಟ್ಟಿದ್ದು 1878ರಲ್ಲಿ. ಓದಿದ್ದು ಚಿತ್ರಕಲೆ. ಆಮೇಲೆ ಮ್ಯೂನಿಕ್‌ನ ಪ್ರಕಾಶಕರೊಬ್ಬರಲ್ಲಿ ಪುಸ್ತಕ ವಿನ್ಯಾಸದ ಕೆಲಸ. ಆಗ ಜರ್ಮನ್ ಪುಸ್ತಕಗಳು ಹೆಚ್ಚಾಗಿ ಫ್ರಾಕ್ಟೂರ್ ಎಂಬ ಮೊನಚು ಮೂಲೆಗಳ ಹಳೆಯ ಲಿಪಿಯಲ್ಲಿ ಅಚ್ಚಾಗುತ್ತಿದ್ದವು. ತಮ್ಮ ಕಾಲಕ್ಕೆ ಒಪ್ಪುವ ಅಕ್ಷರ ಬೇಕೆಂದು ರೆನ್ನರ್ ಚಿತ್ರ ಬಿಡಿಸಲು ಕೂತಾಗ ಅವರ ವಯಸ್ಸು ನಲವತ್ತೈದು ದಾಟಿತ್ತು. 1927ರಲ್ಲಿ ಫ್ರಾಂಕ್‌ಫರ್ಟ್‌ನ ಬೌವರ್ ಅಚ್ಚುಮೊಳೆ ಕಾರ್ಖಾನೆ ಅದನ್ನು 'ಫ್ಯೂಚುರಾ' ಹೆಸರಿನಲ್ಲಿ ಹೊರತಂದಿತು. ಇಪ್ಪತ್ತೈದಕ್ಕೇ ಕೆಲಸ ಸಿಗಲಿಲ್ಲವೆಂದು ಕೊರಗುವ ನಮ್ಮ ಗೆಳೆಯರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಫ್ಯೂಚುರಾ ನೋಡಿದರೆ ಕೈವಾರ, ಸ್ಕೇಲು ಹಿಡಿದು ಬರೆದಂತಿದೆ. ಆದರೆ ಅದು ಕಣ್ಣಿಗೆ ಮಾತ್ರ. ದುಂಡು ಭಾಗ ಕಂಬಕ್ಕೆ ಸೇರುವಲ್ಲಿ ಗೆರೆ ಸಣ್ಣಗಾಗುತ್ತದೆ. ಇಲ್ಲದಿದ್ದರೆ ಅಲ್ಲಿ ಮಸಿ ಮೆತ್ತಿದಂತೆ ಕಾಣುತ್ತಿತ್ತು. ಮೊದಲ ಕರಡಿನಲ್ಲಿ ಚಿಕ್ಕ 'ಆರ್' ಅಕ್ಷರ ಒಂದು ಕಡ್ಡಿ, ಪಕ್ಕಕ್ಕೊಂದು ಚುಕ್ಕಿ, ಅಷ್ಟೇ! ಅಂಥ ಹುಚ್ಚುಗಳನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ದಪ್ಪ ಓರೆ ರೂಪ ಬಂದದ್ದು ಆಮೇಲೆ. ಇಂದು ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದರೆ ಅಕ್ಷರ ವಾಲುತ್ತದೆ, ಆದರೆ ವೃತ್ತ ಒಂದು ಕಡೆ ಊದಿ, ಇನ್ನೊಂದು ಕಡೆ ಸೊರಗುತ್ತದೆ. ನಮ್ಮ ಫ್ಲೆಕ್ಸ್‌ಗಳ ಕನ್ನಡಕ್ಕೆ ದಿನವೂ ಆಗುತ್ತಿರುವುದು ಇದೇ.

ಅಷ್ಟರಲ್ಲಿ ರೆನ್ನರ್ ಮ್ಯೂನಿಕ್‌ನ ಮುದ್ರಣ ಶಾಲೆಯ ಮುಖ್ಯಸ್ಥರಾಗಿದ್ದರು. ಹೊಸ ಕಲೆ, ಹೊಸ ಕಟ್ಟಡಗಳನ್ನೆಲ್ಲ ನಾಜಿಗಳು ದೇಶದ್ರೋಹವೆಂಬಂತೆ ಹಳಿಯುತ್ತಿದ್ದ ಕಾಲ. 1932ರಲ್ಲಿ ಅದನ್ನು ಖಂಡಿಸಿ ಒಂದು ಕಿರುಪುಸ್ತಕ ಬರೆದರು. ಅದು ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ, ರೆನ್ನರ್ ಬಂಧನವಾಯಿತು. ಬೇಗನೆ ಬಿಟ್ಟರೂ ಕೆಲಸ ಹೋಯಿತು. ಐವತ್ತನಾಲ್ಕರ ವಯಸ್ಸು, ಮುಂದೆ ಪಿಂಚಣಿ ಎದುರು ನೋಡುವ ಹೊತ್ತು. ಸುಮ್ಮನಿದ್ದಿದ್ದರೆ ಕುರ್ಚಿ ಉಳಿಯುತ್ತಿತ್ತೇನೋ. ಅವರು ಕಾನ್‌ಸ್ಟನ್ಸ್ ಸರೋವರದ ಬಳಿಯ ಹಳ್ಳಿಯಲ್ಲಿದ್ದುಕೊಂಡು ಚಿತ್ರ ಬರೆದರು. ತಮಾಷೆಯೆಂದರೆ, 1941ರಲ್ಲಿ ನಾಜಿ ಸರ್ಕಾರವೇ ಫ್ರಾಕ್ಟೂರ್ ಬೇಡವೆಂದು ಆದೇಶ ಹೊರಡಿಸಿತು.

1956ರಲ್ಲಿ ರೆನ್ನರ್ ತೀರಿಕೊಂಡರು. 1969ರಲ್ಲಿ ಅಪೋಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹ ಫ್ಯೂಚುರಾದಲ್ಲಿದೆ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿ ಫ್ಯೂಚುರಾವನ್ನು ದಪ್ಪಗೆ, ಓರೆಯಾಗಿ ಕೂರಿಸಿ ಹೆಸರಾದರು. ಸುಪ್ರೀಂ ಎಂಬ ಬಟ್ಟೆ ಕಂಪನಿಯ ಲಾಂಛನಕ್ಕೂ ಅದೇ ಮಾದರಿ. ಆ ಕೆಂಪು ಪಟ್ಟಿಯ ಟಿ-ಶರ್ಟ್, ಅಸಲಿಯೋ ನಕಲಿಯೋ, ನಮ್ಮ ಬಸ್ಸಿನಲ್ಲೂ ಕಾಣುತ್ತದೆ.