ಮನೆಯ ಮಾತು ಮರಾಠಿ, ಹಾಡಿದ್ದು ಕನ್ನಡ: ದ. ರಾ. ಬೇಂದ್ರೆ

ಈ ಸಲದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮನೋಳಿಯ ಒಂದು ಶಾಲೆ. ದಾಖಲೆಗಳಲ್ಲಿ ಊರಿನ ಹೆಸರು ಮುನವಳ್ಳಿ, ಬಾಯಲ್ಲಿ ಮನೋಳಿ. ಮಲಪ್ರಭೆಯ ದಂಡೆಯ ಈ ಊರಿನ ಸಂತೆಯಲ್ಲಿ ನಿಂತರೆ ಕನ್ನಡದ ಜೊತೆಗೆ ಮರಾಠಿ, ಉರ್ದು ಕೂಡ ಕಿವಿಗೆ ಬೀಳುತ್ತವೆ. ಆರನೆಯ ಇಯತ್ತೆಗೆ ನಾನು ಸಸ್ಯದ ಭಾಗಗಳ ಪಾಠ ಮಾಡುತ್ತಿದ್ದೆ. ಒಂದು ಗಿಡವನ್ನು ಬೇರು ಸಮೇತ ಕಿತ್ತು ತಂದಿದ್ದೆ. ಎಲೆಯನ್ನು ತೋರಿಸಿ ಇದೇನು ಎಂದು ಕೇಳಿದಾಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಪಾನ ಎಂದಳು. ಮರಾಠಿಯಲ್ಲಿ ಎಲೆಗೆ ಪಾನ ಎನ್ನುತ್ತಾರೆ. ಉಳಿದ ಮಕ್ಕಳಿಗೆ ಪಾನ್ ಅಂಗಡಿ ನೆನಪಾಗಿ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಇಲ್ಲಿ ಕನ್ನಡದಲ್ಲಿ ಉತ್ತರ ಹೇಳಬೇಕೆಂದು ಅವಳಿಗೆ ತಿಳಿಸಿ ಪಾಠ ಮುಂದುವರಿಸಿದೆ. ಆ ಪಾಠಕ್ಕೆ ನನಗೆ ಒಳ್ಳೆಯ ಅಂಕಗಳೇ ಬಂದವು. ಆದರೆ ಆ ವಾರ ಪೂರ್ತಿ ಅವಳು ಮತ್ತೆ ಕೈ ಎತ್ತಲಿಲ್ಲ.

ಅದೇ ವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬೇಂದ್ರೆಯವರ ಜೀವನವನ್ನು ಮಕ್ಕಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಬೇಂದ್ರೆ ಎಂದರೆ ಪಠ್ಯಪುಸ್ತಕದ ಪದ್ಯ, ತಲೆಗೆ ರುಮಾಲು ಸುತ್ತಿದ ಒಂದು ಚಿತ್ರ, ಅಷ್ಟೇ. ಹತ್ತು ನಿಮಿಷದ ಮಾತಿಗೆ ಓದಲು ಕುಳಿತಾಗ ಮೊದಲ ಪುಟದಲ್ಲೇ ಒಂದು ಸಂಗತಿ ನನ್ನನ್ನು ತಡೆಯಿತು. ಕನ್ನಡದ ಈ ವರಕವಿಯ ಮನೆಮಾತು ಕನ್ನಡವಾಗಿರಲಿಲ್ಲ. ಅವರು ನನ್ನ ತರಗತಿಯಲ್ಲಿ ಕುಳಿತಿದ್ದರೆ ಪಾನ ಎಂದ ಹುಡುಗಿಯ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ಶಾಲೆ

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆತನ ಮರಾಠಿ ಮಾತನಾಡುವ ಚಿತ್ಪಾವನ ಬ್ರಾಹ್ಮಣರದು. ಅಜ್ಜ ವೇದ ಬಲ್ಲ ದಶಗ್ರಂಥಿಗಳು, ತಂದೆ ರಾಮಚಂದ್ರ ಭಟ್ಟರು ಸಂಸ್ಕೃತ ವಿದ್ವಾಂಸರು. ತಾಯಿ ಅಂಬಿಕೆ. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಹನ್ನೆರಡರ ಆಸುಪಾಸಿನಲ್ಲಿ ತಂದೆ ತೀರಿಕೊಂಡರು. ಮನೆಯ ಭಾರವೆಲ್ಲ ತಾಯಿಯ ಮೇಲೆ ಬಿತ್ತು.

ಹೀಗೆ ಆ ಹುಡುಗನ ಸುತ್ತ ಚಿಕ್ಕಂದಿನಲ್ಲೇ ಹಲವು ಭಾಷೆಗಳಿದ್ದವು. ಒಲೆಯ ಮುಂದೆ ಮರಾಠಿ, ಪೂಜೆ ಪಾಠಕ್ಕೆ ಸಂಸ್ಕೃತ, ಹೊಸ್ತಿಲು ದಾಟಿದರೆ ಕನ್ನಡ, ಹೈಸ್ಕೂಲಿಗೆ ಬಂದ ಮೇಲೆ ಇಂಗ್ಲಿಷ್. ಆ ಕನ್ನಡವೂ ಪುಸ್ತಕದ ಕನ್ನಡವಲ್ಲ. ಓಣಿಯಲ್ಲಿ ಆಡುವ ಮಕ್ಕಳ, ಹಾಲು ಮೊಸರು ಮಾರುವವರ, ಬೀಸುವಾಗ ಕುಟ್ಟುವಾಗ ಹಾಡುವ ಹೆಣ್ಣುಮಕ್ಕಳ, ಲಾವಣಿಕಾರರ ಕನ್ನಡ. ಮುಂದೆ ಅವರ ಕಾವ್ಯದಲ್ಲಿ ಕೇಳಿಬಂದದ್ದು ಈ ಕನ್ನಡವೇ.

ಇಲ್ಲಿ ಧಾರವಾಡದ ಆಗಿನ ಸ್ಥಿತಿಯನ್ನೂ ನೆನೆಯಬೇಕು. ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಮೇಲುಗೈ. ಆ ಕಾಲದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಮಕ್ಕಳಿಗೆ ಕನ್ನಡ ಶಾಲೆ ಸಿಗಬೇಕೆಂದು ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬೇಂದ್ರೆ ಹುಟ್ಟುವ ಹೊತ್ತಿಗೆ ಧಾರವಾಡದಲ್ಲಿ ಕನ್ನಡ ತಲೆ ಎತ್ತಿ ನಡೆಯತೊಡಗಿತ್ತು. ನಲವತ್ತು ವರ್ಷ ಮೊದಲು ಹುಟ್ಟಿದ್ದರೆ ಮರಾಠಿ ಮನೆಯ ಹುಡುಗನಿಗೆ ಕನ್ನಡದ ದಾರಿ ಇಷ್ಟು ಸಲೀಸಾಗಿ ತೆರೆದಿರುತ್ತಿರಲಿಲ್ಲ. ಒಬ್ಬ ಕವಿ ಬೆಳೆಯುವುದಕ್ಕೂ ಹಿಂದಿನ ಶಿಕ್ಷಕರ ದುಡಿಮೆ ಬೇಕಾಗುತ್ತದೆ.

ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನು ಧಾರವಾಡದಲ್ಲಿ ಮುಗಿಸಿ 1913ರಲ್ಲಿ ಅವರು ಮೆಟ್ರಿಕ್ ಪಾಸಾದರು.

ಪುಣೆಯಲ್ಲಿ

ಕಾಲೇಜಿಗೆ ಹೋದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ. ಈಗ ಸುತ್ತಲಿನ ಸ್ಥಿತಿ ತಲೆಕೆಳಗಾಯಿತು. ಧಾರವಾಡದಲ್ಲಿ ಮನೆಯೊಳಗಿದ್ದ ಮರಾಠಿ ಇಲ್ಲಿ ಬೀದಿಗೂ ಬಂತು. ಕನ್ನಡ ಮಾತನಾಡಬೇಕೆಂದರೆ ಆ ಕಡೆಯಿಂದ ಬಂದ ಗೆಳೆಯರನ್ನು ಹುಡುಕಿಕೊಂಡು ಹೋಗಬೇಕು. ಮರಾಠಿ ಸಾಹಿತ್ಯ ತುಂಬಿ ಹರಿಯುತ್ತಿದ್ದ ಊರದು. ಅದನ್ನು ಅವರು ಮನಸಾರೆ ಓದಿದರು. ಮನೆಮಾತಿನಲ್ಲೇ ಬರೆದು ಅಲ್ಲೇ ಹೆಸರು ಮಾಡುವುದು ಅವರಿಗೆ ಸುಲಭವಿತ್ತು. ಆದರೂ 1918ರಲ್ಲಿ ಬಿ.ಎ. ಮುಗಿಸಿ ಅವರು ಧಾರವಾಡಕ್ಕೆ ಮರಳಿದರು, ಕನ್ನಡವನ್ನು ಹಿಡಿದರು. ಓಣಿಯಲ್ಲಿ ಕಲಿತ ಭಾಷೆ ನಾಲ್ಕು ವರ್ಷ ಬಳಕೆ ಕಡಿಮೆಯಾದರೂ ಅವರನ್ನು ಬಿಟ್ಟು ಹೋಗಿರಲಿಲ್ಲ.

ಶಿಕ್ಷಕ ಬೇಂದ್ರೆ

ಬಂದ ಕೂಡಲೇ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರೊಂದಿಗೆ ಮದುವೆಯಾಯಿತು. 1922ರಲ್ಲಿ ‘ಕೃಷ್ಣಕುಮಾರಿ’ ಪ್ರಕಟವಾಯಿತು. ಅದೇ ಸುಮಾರಿಗೆ ಧಾರವಾಡದಲ್ಲಿ ‘ಗೆಳೆಯರ ಗುಂಪು’ ಕೂಡಿತು. ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ, ಶಂ. ಬಾ. ಜೋಶಿ ಮೊದಲಾದವರು ಅದರಲ್ಲಿದ್ದರು. ಶಂ. ಬಾ. ಅವರು ನಮ್ಮ ಸವದತ್ತಿ ತಾಲೂಕಿನ ಗುರ್ಲಹೊಸೂರಿನವರು, ಬೇಂದ್ರೆ ಹುಟ್ಟಿದ ವರ್ಷವೇ ಹುಟ್ಟಿದವರು. ಅವರೂ ಮುಂದೆ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರು.

ಗೆಳೆಯರ ಗುಂಪು ಒಂದು ಕಾಲೇಜಲ್ಲ, ಅದಕ್ಕೆ ಪಠ್ಯಕ್ರಮವಿರಲಿಲ್ಲ. ಬರೆದದ್ದನ್ನು ಒಬ್ಬರು ಓದುವುದು, ಉಳಿದವರು ಕೇಳುವುದು, ವಾದಿಸುವುದು, ಮತ್ತೆ ಬರೆಯುವುದು. ಭಾಷೆ ಬಳಕೆಗೆ ಬರುವ ಜಾಗ ಅದಾಗಿತ್ತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಎಳೆಯ ಗೋಕಾಕರು ಕನ್ನಡಕ್ಕೆ ತಿರುಗಿದ್ದು ಬೇಂದ್ರೆಯವರ ಒಡನಾಟದಿಂದ. ಮನೆಯಲ್ಲಿ ಮರಾಠಿ ಮಾತನಾಡುವ ಶಿಕ್ಷಕರೊಬ್ಬರು ಕನ್ನಡ ಮನೆಯ ತರುಣನನ್ನು ಕನ್ನಡಕ್ಕೆ ಕರೆತಂದರು ಎಂಬುದು ನಾವು ಗಮನಿಸಬೇಕಾದ ಸಂಗತಿ.

1929ರಲ್ಲಿ ನಮ್ಮ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಧ್ಯಕ್ಷರು. ಕಾಲವನ್ನು ಹಾರುವ ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಬೇಂದ್ರೆಯವರು ಅಲ್ಲಿ ಓದಿದಾಗ ಸಭೆ ಬೆರಗಾಯಿತು. ಧಾರವಾಡದ ಆಚೆಗೂ ಅವರ ಹೆಸರು ಹಬ್ಬಿತು. 1932ರಲ್ಲಿ ‘ಗರಿ’ ಸಂಕಲನ ಬಂತು.

ತಮ್ಮ ಕವಿತೆಗಳಿಗೆ ಅವರು ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ತಾಯಿ ಮರಾಠಿ ಮನೆಯವರು, ಕವಿತೆ ಕನ್ನಡದ್ದು. ಕನ್ನಡದ ಪುಸ್ತಕದ ಮೇಲೆ ತಾಯಿಯ ಹೆಸರನ್ನು ಮೊದಲು ಬರೆದು ತಮ್ಮ ಹೆಸರನ್ನು ಕೊನೆಗೆ ಬರೆದರು. ಕಲಿತ ಭಾಷೆಗೆ ಸೇರಲು ಅವರು ಮನೆಯನ್ನು ಮರೆಯಬೇಕಾಗಲಿಲ್ಲ.

ಕಷ್ಟದ ವರ್ಷಗಳು

‘ನರಬಲಿ’ ಎಂಬ ಕವಿತೆಯಲ್ಲಿ ರಾಜದ್ರೋಹವಿದೆ ಎಂದು 1932ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಗೆ ಹಾಕಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಬಿಡುಗಡೆಯ ನಂತರವೂ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿ ಇರಬೇಕಾಯಿತು. ಮುಂದೆ ಹಲವು ವರ್ಷ ಸ್ಥಿರವಾದ ನೌಕರಿ ಇರಲಿಲ್ಲ. ಆ ಕಷ್ಟದ ನಡುವೆಯೇ ಓದಿ 1935ರಲ್ಲಿ ಎಂ.ಎ. ಮುಗಿಸಿದರು.

ಮನೆಯ ದುಃಖ ಇದಕ್ಕಿಂತ ದೊಡ್ಡದು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಅವರು ಮತ್ತು ಲಕ್ಷ್ಮೀಬಾಯಿಯವರು ಕಳೆದುಕೊಂಡರು. ಮಗುವನ್ನು ಕಳೆದುಕೊಂಡ ತಾಯಿಯ ಕಣ್ಣೋಟವನ್ನು ತಾಳಲಾರದ ತಂದೆಯ ಸಂಕಟ ಒಂದು ಕವಿತೆಯಾಯಿತು. ಕನ್ನಡ ನಾಡಿನಲ್ಲಿ ಅದನ್ನು ಕೇಳದವರು ಕಡಿಮೆ. ಅದು ಧಾರವಾಡದ ಆಡುಮಾತಿನ ಕನ್ನಡದಲ್ಲಿದೆ. ದುಃಖ ಬಂದಾಗ ಮನುಷ್ಯ ತಾಯಿಯ ಮಾತಿಗೇ ಹೋಗುತ್ತಾನೆಂದು ನಾವು ಓದಿದ್ದೇವೆ. ಬೇಂದ್ರೆಯವರ ಎದೆಯ ದುಃಖ ಓಣಿಯಲ್ಲಿ ಕಲಿತ ಮಾತಿನಲ್ಲಿ ಬಂತು. ಕಲಿತ ಭಾಷೆ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಗೊತ್ತಿಲ್ಲ.

ಸೊಲ್ಲಾಪುರ ಮತ್ತು ಕೊನೆಯ ವರ್ಷಗಳು

1943ರಲ್ಲಿ ಶಿವಮೊಗ್ಗದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕಾಳಿದಾಸನ ಮೇಘದೂತವನ್ನು ಕನ್ನಡಕ್ಕೆ ತಂದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಸೇರಿ 1956ರವರೆಗೆ ಅಲ್ಲಿದ್ದರು. ಸೊಲ್ಲಾಪುರವೂ ಮನೋಳಿಯ ಹಾಗೆ ಮಾತು ಬೆರೆತ ಊರು. ಎಷ್ಟೋ ಮನೆಗಳಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅಲ್ಲಿ ಮರಾಠಿ ಮನೆಯ ಮೇಷ್ಟ್ರು ಹನ್ನೆರಡು ವರ್ಷ ಕನ್ನಡ ಕಲಿಸಿದರು.

ಅಲ್ಲಿಂದ ಮರಳಿ ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ‘ಅರಳು ಮರಳು’ ಕೃತಿಗೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1968ರಲ್ಲಿ ಪದ್ಮಶ್ರೀ, ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿವೆ. ನಾವು ಅಷ್ಟಾಗಿ ಹೇಳದ ಇನ್ನೊಂದು ಮಾತಿದೆ. ಅವರು ಮರಾಠಿಯಲ್ಲೂ ಬರೆದರು. ಮರಾಠಿಯ ‘ಸಂವಾದ’ ಕೃತಿಗೆ ಮಹಾರಾಷ್ಟ್ರದ ಕೇಳ್ಕರ್ ಪ್ರಶಸ್ತಿ ಬಂತು. ಒಂದು ಭಾಷೆ ಗಟ್ಟಿಯಾದಷ್ಟೂ ಇನ್ನೊಂದು ಸವೆಯುತ್ತದೆ ಎಂಬ ಭಯಕ್ಕೆ ಅವರ ಬಾಳಿನಲ್ಲಿ ಆಧಾರ ಸಿಗುವುದಿಲ್ಲ. 1981ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಅವರು ತೀರಿಕೊಂಡರು. ಸಾಧನಕೇರಿಯ ಅವರ ಮನೆ, ಅದರ ಮುಂದಿನ ಕೆರೆ ಇಂದಿಗೂ ಇವೆ.

ನಮ್ಮ ತರಗತಿಗೆ ಇದರಿಂದ ಏನು

ಬೇಂದ್ರೆಯವರದು ಅಪರೂಪದ ಪ್ರತಿಭೆ, ಎಲ್ಲ ಮಕ್ಕಳೂ ಬೇಂದ್ರೆಯಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ನಾನು ನೋಡುತ್ತಿರುವುದು ಪ್ರತಿಭೆಯನ್ನಲ್ಲ, ಸುತ್ತಲಿನ ಸ್ಥಿತಿಯನ್ನು. ಅವರಿಗೆ ಮನೆಯಲ್ಲಿ ಕನ್ನಡ ಸಿಗದಿದ್ದರೂ ಹೊಸ್ತಿಲ ಆಚೆ ಧಾರಾಳವಾಗಿ ಸಿಕ್ಕಿತು. ಶಾಲೆಗೆ ಓಣಿಯ ಬೆಂಬಲವಿತ್ತು. ದೊಡ್ಡವರಾದ ಮೇಲೆ ಗೆಳೆಯರ ಗುಂಪಿತ್ತು. ಕಲಿತದ್ದನ್ನು ಆಡಲು ಜಾಗ, ಕೇಳಲು ಜನ, ಎರಡೂ ಇದ್ದವು.

ಈಗ ನಮ್ಮ ಮಕ್ಕಳ ಇಂಗ್ಲಿಷನ್ನು ನೋಡೋಣ. ಪಾಲಕರ ಸಭೆಯಲ್ಲಿ ನಾನೇ ಒಬ್ಬ ತಾಯಿಗೆ ಮಗನ ಜೊತೆ ಮನೆಯಲ್ಲಿ ಇಂಗ್ಲಿಷ್ ಮಾತನಾಡಿಸಿ ರೂಢಿ ಮಾಡಿಸಬೇಕೆಂದು ಹೇಳಿದ್ದೆ. ಆಕೆ ಹೊಲದ ಕೆಲಸ ಬಿಟ್ಟು ಬಂದಿದ್ದರು. ತಲೆಯಾಡಿಸಿ ಹೋದರು. ಆ ಮನೆಯಲ್ಲೂ ಇಂಗ್ಲಿಷ್ ಇಲ್ಲ, ಓಣಿಯಲ್ಲೂ ಇಲ್ಲ. ಶಾಲೆಯಲ್ಲಿ ನಾವು ಮಾಡದ ಕೆಲಸವನ್ನು ನಾನು ಆ ತಾಯಿಯ ಹೆಗಲಿಗೆ ಹಾಕಿದ್ದೆ. ಓಣಿಯಲ್ಲಿ ಇಲ್ಲದ ಭಾಷೆಗೆ ತರಗತಿಯೇ ಓಣಿಯಾಗಬೇಕು. ಮಕ್ಕಳು ಪರಸ್ಪರ ಆಡುವಂಥ, ತಪ್ಪಿದರೆ ಯಾರೂ ನಗದಂಥ ಹತ್ತು ನಿಮಿಷವನ್ನು ದಿನವೂ ಪಾಠ ಯೋಜನೆಯಲ್ಲೇ ಬರೆದಿಡಬೇಕು.

ಮನೆಮಾತನ್ನು ಕಲಿಕೆಯ ಆಸರೆಯಾಗಿ ಬಳಸಬೇಕೆಂದು ಪಠ್ಯಕ್ರಮದಾದ್ಯಂತ ಭಾಷೆ ಎಂಬ ವಿಷಯದಲ್ಲಿ ನಾವು ಓದಿ ಪರೀಕ್ಷೆ ಬರೆದಿದ್ದೇವೆ. ಸಾಧ್ಯವಿರುವ ಕಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಕೆ ಇರಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಆದರೂ ಪಾನ ಎಂಬ ಮಾತು ಬಂದಾಗ ನಾನು ನಕ್ಕಿದ್ದೆ. ಆ ಹುಡುಗಿಯ ಉತ್ತರ ತಪ್ಪಾಗಿರಲಿಲ್ಲ. ಎಲೆ ಯಾವುದೆಂದು ಅವಳಿಗೆ ಗೊತ್ತಿತ್ತು. ವಿಜ್ಞಾನದ ಪಾಠದಲ್ಲಿ ನಾನು ಕೇಳಿದ್ದೂ ಅದನ್ನೇ.

ಪ್ರಾರ್ಥನೆಯ ದಿನ ಬೇಂದ್ರೆಯವರ ಮನೆಯಲ್ಲಿ ಮರಾಠಿ ಮಾತನಾಡುತ್ತಿದ್ದರು ಎಂದು ಹೇಳಿದಾಗ ಆರನೆಯ ಇಯತ್ತೆಯ ಸಾಲಿನಲ್ಲಿ ಅವಳು ತಲೆ ಎತ್ತಿ ನೋಡಿದಳು. ಮುಂದಿನ ಪಾಠದಲ್ಲಿ ಹಲಗೆಯ ಮೇಲೆ ನಾಲ್ಕು ಸಾಲು ಮಾಡಿದೆ: ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್. ಎಲೆ, ಪಾನ, ಪತ್ತಾ, ಲೀಫ್ ಎಂದು ಬರೆದು, ಹಿಂದಿನ ದಿನ ನಕ್ಕಿದ್ದು ನನ್ನ ತಪ್ಪೆಂದು ಎಲ್ಲರ ಮುಂದೆ ಹೇಳಿದೆ. ಬೇರು ಎಂದು ಬರೆದು ಮರಾಠಿಯ ಸಾಲನ್ನು ಖಾಲಿ ಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವಳು ಮೂಳ ಎಂದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಮೂಳೆ ಎಂದು ತಿಳಿದು ನಗಲು ಹೋದ, ಪಕ್ಕದವನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದ. ನಾನು ಮೂಲ ಎಂದು ಬರೆದೆ. ಅವಳು ಎದ್ದು ಬಂದು ಸೀಮೆಸುಣ್ಣ ಇಸಿದುಕೊಂಡು ಲ ಒರೆಸಿ ಳ ಬರೆದಳು.