ರಾಚೂಟಪ್ಪನಾದ ಬಾಲಣ್ಣ

ಅರಸೀಕೆರೆಯಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ನಾಟಕಗಳಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಸಿನಿಮಾಕ್ಕೆ ಬಂದರು. ಎದುರಿನವರ ತುಟಿ ನೋಡಿಯೇ ತಮ್ಮ ಮಾತಿನ ಸರದಿ ತಿಳಿಯುತ್ತಿದ್ದರು. ಸಿಕ್ಕಿದ್ದು ಮಾತ್ರ ಹೆಚ್ಚಾಗಿ ಮನೆಮುರುಕನ, ಪಿತೂರಿಗಾರನ ಪಾತ್ರಗಳೇ. ತೆರೆಗೆ ಬಂದರೆ ಸಾಕು, ನೋಡುವವರು ಬೈಯುತ್ತಿದ್ದರು. (ನಟನಿಗೆ ಅದೂ ಬಹುಮಾನವೇ!)

1972ರಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬಂತು. ಬರಡು ನೆಲದಲ್ಲಿ ಬೆಳೆ ತೆಗೆಯಲು ಹೊರಟ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನೇ ನಮ್ಮ ಬಾಲಣ್ಣ. ಇವನೂ ಏನೋ ಕಿತಾಪತಿ ಮಾಡುತ್ತಾನೆ ಎಂದು ಕಾಯುತ್ತೇವೆ. ಮಾಡುವುದಿಲ್ಲ. ಅದೇ ದನಿ, ಅದೇ ಓರೆನೋಟ; ಒಳಗೆ ಮಾತ್ರ ಬರೀ ಅಕ್ಕರೆ. ರಾಜಕುಮಾರ್ ಅವರಷ್ಟೇ ಅವನೂ ನೆನಪಿನಲ್ಲಿ ಉಳಿಯುತ್ತಾನೆ.

ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಬಹಳ ಕಷ್ಟಪಟ್ಟ ಬಾಲಣ್ಣ, 1995ರಲ್ಲಿ ತೀರಿಕೊಂಡರು.