ಡಾಲ್ಟನ್ ಟ್ರಂಬೊ

ಜೇಮ್ಸ್ ಡಾಲ್ಟನ್ ಟ್ರಂಬೊ (ಡಿಸೆಂಬರ್ 9, 1905 – ಸೆಪ್ಟೆಂಬರ್ 10, 1976) ಅಮೆರಿಕದ ಕಾದಂಬರಿಕಾರರು ಮತ್ತು ಚಿತ್ರಕಥೆಗಾರರು. ಕಮ್ಯುನಿಸ್ಟ್ ವಿರೋಧಿ ವಿಚಾರಣೆಗಳ ಕಾಲದಲ್ಲಿ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿದ ಇವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಹೆಸರನ್ನು ಮರೆಮಾಚಿ ಬರೆಯಬೇಕಾಯಿತು. ಆ ಅವಧಿಯಲ್ಲಿ ಇವರ ಎರಡು ಕಥೆಗಳಿಗೆ ಆಸ್ಕರ್ ಪ್ರಶಸ್ತಿ ಬಂದರೂ ಅವು ಬೇರೆ ಹೆಸರುಗಳಿಗೆ ಸಂದವು.

ಆರಂಭಿಕ ಜೀವನ

ಟ್ರಂಬೊ ಕೊಲರಾಡೊ ರಾಜ್ಯದ ಮಾಂಟ್ರೋಸ್‌ನಲ್ಲಿ ಜನಿಸಿ, ಗ್ರ್ಯಾಂಡ್ ಜಂಕ್ಷನ್ ಪಟ್ಟಣದಲ್ಲಿ ಬೆಳೆದರು. ತಂದೆಯ ಮರಣಾನಂತರ ಸಂಸಾರದ ಹೊಣೆ ಹೊತ್ತು, ಲಾಸ್ ಏಂಜಲೀಸ್‌ನ ಬೇಕರಿಯೊಂದರಲ್ಲಿ ಹಲವು ವರ್ಷ ರಾತ್ರಿ ಪಾಳಿಯಲ್ಲಿ ದುಡಿಯುತ್ತಲೇ ಬರವಣಿಗೆಯನ್ನು ರೂಢಿಸಿಕೊಂಡರು. 1938ರಲ್ಲಿ ಕ್ಲಿಯೊ ಫಿಂಚರ್ ಅವರನ್ನು ವಿವಾಹವಾದರು. 1939ರಲ್ಲಿ ಪ್ರಕಟವಾದ ಯುದ್ಧವಿರೋಧಿ ಕಾದಂಬರಿ ‘ಜಾನಿ ಗಾಟ್ ಹಿಸ್ ಗನ್’ ಹೆಸರು ತಂದಿತು. ‘ಕಿಟ್ಟಿ ಫಾಯ್ಲ್’ (1940) ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ವಿಚಾರಣೆ ಮತ್ತು ಸೆರೆವಾಸ

1943ರಲ್ಲಿ ಟ್ರಂಬೊ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. 1947ರ ಅಕ್ಟೋಬರ್‌ನಲ್ಲಿ ಅಮೆರಿಕ ವಿರೋಧಿ ಚಟುವಟಿಕೆಗಳ ಕುರಿತ ಸಂಸದೀಯ ಸಮಿತಿ ಇವರನ್ನು ವಾಷಿಂಗ್ಟನ್‌ಗೆ ಕರೆಸಿತು. ಪಕ್ಷದ ಸದಸ್ಯತ್ವದ ಬಗ್ಗೆ ಕೇಳಿದ ಪ್ರಶ್ನೆಗೆ ಇವರು ಉತ್ತರಿಸಲಿಲ್ಲ. ಹಾಗೆ ನಿರಾಕರಿಸಿದ ಹತ್ತು ಮಂದಿ ‘ಹಾಲಿವುಡ್ ಟೆನ್’ ಎಂದು ಪ್ರಸಿದ್ಧರಾದರು. ನವೆಂಬರ್‌ನಲ್ಲಿ ಸ್ಟುಡಿಯೊಗಳ ಮುಖ್ಯಸ್ಥರು ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಸಭೆ ಸೇರಿ, ಈ ಹತ್ತು ಮಂದಿಗೆ ಕೆಲಸ ಕೊಡುವುದಿಲ್ಲವೆಂದು ಘೋಷಿಸಿದರು. ಸಂಸತ್ತಿನ ನಿಂದನೆಯ ಅಪರಾಧಕ್ಕಾಗಿ ಟ್ರಂಬೊ 1950ರಿಂದ ಸುಮಾರು ಹತ್ತು ತಿಂಗಳು ಕೆಂಟಕಿಯ ಆಶ್‌ಲ್ಯಾಂಡ್ ಸೆರೆಮನೆಯಲ್ಲಿದ್ದರು.

ಅಜ್ಞಾತ ಬರವಣಿಗೆ

ಬಿಡುಗಡೆಯ ನಂತರ ಕುಟುಂಬದೊಡನೆ ಕೆಲಕಾಲ ಮೆಕ್ಸಿಕೊದಲ್ಲಿ ನೆಲೆಸಿದರು. ಮೊದಲಿಗಿಂತ ತೀರಾ ಕಡಿಮೆ ಸಂಭಾವನೆಗೆ, ಸುಳ್ಳು ಹೆಸರುಗಳಲ್ಲಿ ಚಿತ್ರಕಥೆಗಳನ್ನು ಬರೆದುಕೊಟ್ಟರು. ‘ರೋಮನ್ ಹಾಲಿಡೇ’ (1953) ಚಿತ್ರಕ್ಕೆ ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ತಮ್ಮ ಹೆಸರನ್ನು ನೀಡಿದರು. ಕಥೆಗಾಗಿ ಬಂದ ಆಸ್ಕರ್ ಅವರ ಹೆಸರಿಗೇ ಸಂದಿತು. ‘ದಿ ಬ್ರೇವ್ ಒನ್’ (1956) ಚಿತ್ರದ ಕಥೆಗಾರ ರಾಬರ್ಟ್ ರಿಚ್ ಎಂದು ನಮೂದಾಗಿತ್ತು. 1957ರ ಸಮಾರಂಭದಲ್ಲಿ ಆ ಹೆಸರನ್ನು ಕರೆದಾಗ ರಿಚ್ ವೇದಿಕೆಗೆ ಬರಲಿಲ್ಲ. ಅಂಥ ಲೇಖಕನೇ ಇರಲಿಲ್ಲ.

ಹೆಸರಿನ ಮರಳಿಕೆ

1960ರಲ್ಲಿ ಒಟ್ಟೊ ಪ್ರೆಮಿಂಜರ್ ಅವರ ‘ಎಕ್ಸೋಡಸ್’ ಹಾಗೂ ಕರ್ಕ್ ಡಗ್ಲಾಸ್ ನಟಿಸಿದ ‘ಸ್ಪಾರ್ಟಕಸ್’ ಚಿತ್ರಗಳ ತೆರೆಯ ಮೇಲೆ ಟ್ರಂಬೊ ಅವರ ಹೆಸರು ಮತ್ತೆ ಕಾಣಿಸಿಕೊಂಡಿತು. ಇದರಿಂದ ಕಪ್ಪುಪಟ್ಟಿಯ ಬಿಗಿ ಸಡಿಲವಾಯಿತು. 1971ರಲ್ಲಿ ತಮ್ಮ ಕಾದಂಬರಿಯನ್ನು ತಾವೇ ಚಲನಚಿತ್ರವಾಗಿ ನಿರ್ದೇಶಿಸಿದರು. ‘ದಿ ಬ್ರೇವ್ ಒನ್’ ಚಿತ್ರದ ಪ್ರಶಸ್ತಿ 1975ರಲ್ಲಿ, ಮರಣಕ್ಕೆ ಒಂದು ವರ್ಷ ಮುಂಚೆ, ಇವರ ಕೈಸೇರಿತು. ‘ರೋಮನ್ ಹಾಲಿಡೇ’ ಚಿತ್ರದ ಪ್ರಶಸ್ತಿಯನ್ನು 1993ರಲ್ಲಿ ಪತ್ನಿ ಕ್ಲಿಯೊ ಸ್ವೀಕರಿಸಿದರು. ಆ ಚಿತ್ರದ ಚಿತ್ರಕಥೆಯ ಶ್ರೇಯವನ್ನು ಲೇಖಕರ ಸಂಘವು 2011ರಲ್ಲಿ ಅಧಿಕೃತವಾಗಿ ಇವರಿಗೆ ಮರಳಿಸಿತು.